ಆರು ತುಂಬದ ಮಗು ಮತ್ತು ನಾಲ್ಕು ಇಲಾಖೆಗಳು

ವಿಕಲಚೇತನ ಮಗುವನ್ನು ಬೇರೆಡೆಗೆ ಕಳಿಸದೆ ಓರಗೆಯ ಮಕ್ಕಳ ನಡುವೆಯೇ ಕೂರಿಸಿ, ಅದಕ್ಕೆ ಬೇಕಾದ ನೆರವನ್ನು ಅಲ್ಲಿಗೇ ತಲುಪಿಸುವ ಕ್ರಮವನ್ನು ಸಮನ್ವಯ ಶಿಕ್ಷಣವೆಂದು ಕರೆಯುವುದು ರೂಢಿ. ಶಾಲೆಯ ಮಟ್ಟದಲ್ಲಿ ಇದರ ಚರ್ಚೆ ಸಾಕಷ್ಟು ನಡೆದಿದ್ದರೂ ಅಂಗನವಾಡಿಯ ವರ್ಷಗಳ ಬಗ್ಗೆ ನಡೆದದ್ದು ಕಡಿಮೆ, ಮತ್ತು ಅದಕ್ಕೆ ಕಾರಣ ಕಾನೂನಿನಲ್ಲಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಕುರಿತದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಕಲಂ ಉಚಿತ ಶಿಕ್ಷಣದ ಹಕ್ಕನ್ನು 6ರಿಂದ 18ರವರೆಗೆ ಕೊಡುತ್ತದೆ. ಅದೇ ಕಾಯ್ದೆಯ 25ನೇ ಕಲಂ ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕೆನ್ನುತ್ತದೆ. ಹೀಗಾಗಿ ಆರು ತುಂಬದ ಮಗುವಿನ ತೊಂದರೆಯನ್ನು ಗುರುತಿಸುವ ಹೊಣೆ ಸ್ಪಷ್ಟವಾಗಿದ್ದು, ಗುರುತಿಸಿದ ಮೇಲೆ ಕಲಿಸುವ ಹೊಣೆ ಮಸುಕಾಗಿದೆ.

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿಯೂ ಇವುಗಳಿಂದ ಬೇರೆಯಾದ ಹುಲಸೂರು, ಚಿಟಗುಪ್ಪಗಳಲ್ಲಿಯೂ ಇಂಥ ಮಗುವಿಗೆ ಸಂಬಂಧಪಟ್ಟ ಹುದ್ದೆಗಳು ಇಲ್ಲವೆಂದಲ್ಲ. ಅವು ನಾಲ್ಕು ಇಲಾಖೆಗಳಲ್ಲಿ ಹಂಚಿಹೋಗಿವೆ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ, ಮೇಲ್ವಿಚಾರಕಿಯರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದವರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕಾದ ಸಂಚಾರಿ ವೈದ್ಯ ತಂಡ ಆರೋಗ್ಯ ಇಲಾಖೆಯದು. ಹುಟ್ಟಿನಿಂದ ಬಂದ ದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ಹಿನ್ನಡೆ ಎಂಬ ನಾಲ್ಕು ಬಗೆಗಳನ್ನು ಅದು ನೋಡುತ್ತದೆ. ಆ ತಂಡ ಕಳಿಸಿಕೊಟ್ಟ ಮಗುವನ್ನು ಫಿಸಿಯೋಥೆರಪಿಸ್ಟ್, ವಾಕ್ ಮತ್ತು ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು ನೋಡುವುದು ಯೋಜನೆಯ ಪ್ರಕಾರ ಜಿಲ್ಲಾ ಕೇಂದ್ರದಲ್ಲಿ. ವಿಶೇಷ ಶಿಕ್ಷಣದ ತರಬೇತಿ ಪಡೆದ ಬಿಐಇಆರ್‌ಟಿ ಶಿಕ್ಷಕರು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿದ್ದು ಶಾಲಾ ಶಿಕ್ಷಣ ಇಲಾಖೆಗೆ ಸೇರುತ್ತಾರೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯುಗಳು, ವಿಕಲಚೇತನರ ಸಬಲೀಕರಣ ಇಲಾಖೆಯವರು. ಅನುಭವ ಮಂಟಪದ ಊರಿನಲ್ಲಿ ಕೂಡಿ ಮಾತಾಡುವುದರ ಹಿರಿಮೆಯನ್ನು ಹೇಳಬೇಕಾಗಿಲ್ಲ. ಆದರೆ ಇವರೆಲ್ಲ ಕೂಡುವ ಜಾಗ ಯಾವುದೆಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ತಜ್ಞರು ಒಟ್ಟಿಗೆ ಕೆಲಸ ಮಾಡುವ ಬಗೆಗಳನ್ನು ಶಾಸ್ತ್ರ ಮೂರಾಗಿ ವಿಂಗಡಿಸುತ್ತದೆ. ಪ್ರತಿಯೊಬ್ಬರೂ ಮಗುವನ್ನು ಬೇರೆಬೇರೆಯಾಗಿ ನೋಡಿ ತಮ್ಮ ತಮ್ಮ ಚೀಟಿ ಬರೆದುಕೊಡುವುದು ಬಹುಶಿಸ್ತೀಯ ಕ್ರಮ. ಬೇರೆಬೇರೆಯಾಗಿ ನೋಡಿದರೂ ಒಂದೆಡೆ ಕುಳಿತು ಒಂದೇ ಯೋಜನೆ ಮಾಡುವುದು ಅಂತರಶಿಸ್ತೀಯ ಕ್ರಮ. ತಮ್ಮ ವಿದ್ಯೆಯ ಒಂದು ಪಾಲನ್ನು ಮಗುವಿನ ಜೊತೆ ದಿನವೂ ಇರುವ ಒಬ್ಬರಿಗೆ ಕಲಿಸಿಕೊಟ್ಟು, ಆ ಒಬ್ಬರ ಮೂಲಕವೇ ಎಲ್ಲರ ಕೆಲಸವೂ ನಡೆಯುವಂತೆ ಮಾಡುವುದು ಮೂರನೆಯದು. ಇದು ಅಮೆರಿಕದಲ್ಲಿ 1970ರ ದಶಕದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಕೂಸುಗಳ ಆರೈಕೆಯಲ್ಲಿ ರೂಪುಗೊಂಡಿತು. ನಮ್ಮಲ್ಲಿ ತಜ್ಞರಿರುವುದು ಜಿಲ್ಲಾ ಕೇಂದ್ರದಲ್ಲಿ, ಬಸವಕಲ್ಯಾಣದಿಂದ ಬೀದರ್‌ಗೆ ಸುಮಾರು 80 ಕಿಲೋಮೀಟರ್. ಹುಮನಾಬಾದಿಗೆ 2017ರಿಂದ ಬೀದರ್–ಕಲಬುರಗಿ ರೈಲು ಇದೆ, ಬಸವಕಲ್ಯಾಣಕ್ಕೆ ಅದೂ ಇಲ್ಲ. ಕೂಲಿ ಬಿಟ್ಟು, ನಡೆಯಲಾರದ ಮಗುವನ್ನು ಎತ್ತಿಕೊಂಡು, ವಾರಕ್ಕೆರಡು ಬಾರಿ ತಾಯಿ ಆ ದಾರಿ ಸವೆಸಬೇಕೆಂಬ ಚಿಕಿತ್ಸೆ ಹೆಚ್ಚು ದಿನ ನಡೆಯುವುದಿಲ್ಲ. ಅದಕ್ಕೆ ಬದಲಾಗಿ, ಊಟದ ಹೊತ್ತಿನಲ್ಲಿ ಮಗುವಿನ ಬೆನ್ನು, ಕತ್ತು ನೆಟ್ಟಗಿರುವಂತೆ ಹೇಗೆ ಕೂರಿಸಬೇಕು, ಹಾಗೆ ಕೂರಿಸಿದರೆ ನುಂಗುವುದು ಹೇಗೆ ಹಗುರಾಗುತ್ತದೆ ಎಂಬುದನ್ನು ಫಿಸಿಯೋಥೆರಪಿಸ್ಟರು ಸಹಾಯಕಿಗೆ ಒಮ್ಮೆ ಸರಿಯಾಗಿ ತೋರಿಸಿ ಆಗಾಗ ಬಂದು ತಿದ್ದಿದರೆ, ಅಂಗನವಾಡಿ ತೆರೆದಿರುವ ದಿನವೆಲ್ಲ ಆ ಅಭ್ಯಾಸ ತಾನಾಗಿ ನಡೆಯುತ್ತದೆ. ಈ ಸೀಮೆಗೆ ಒಪ್ಪುವುದು ಈ ಮೂರನೆಯ ಕ್ರಮವೇ.

ಅದು ಒಪ್ಪುವುದಕ್ಕೆ ಇನ್ನೂ ದೊಡ್ಡ ಕಾರಣ ಭಾಷೆ. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ ಇರುವ ಇಲ್ಲಿ ಕನ್ನಡದ ಜೊತೆಗೆ ಮರಾಠಿ, ಉರ್ದು, ತೆಲುಗು ಮಾತಾಡುವ ಮನೆಗಳೂ ತಾಂಡಾಗಳಲ್ಲಿ ಲಂಬಾಣಿಯೂ ಇವೆ. ಮೂರು ವರ್ಷದ ಲಂಬಾಣಿ ಮಗು ಅಂಗನವಾಡಿಯಲ್ಲಿ ತುಟಿ ಬಿಚ್ಚದೆ ಕೂತರೆ ಅದಕ್ಕೆ ಕಿವಿ ಕೇಳಿಸುತ್ತಿಲ್ಲವೋ, ಮಾತು ಬರುವುದು ತಡವಾಗಿದೆಯೋ, ಅಥವಾ ಸುತ್ತಲಿನ ಕನ್ನಡ ಹೊಸದಷ್ಟೆಯೋ ಎಂಬುದನ್ನು ಹೊರಗಿನಿಂದ ಬಂದ ವೈದ್ಯರು ಸ್ವಲ್ಪ ಹೊತ್ತಿನಲ್ಲಿ ತೀರ್ಮಾನಿಸಲಾರರು. ಮನೆಯಲ್ಲಿ ಅದು ಎಷ್ಟು ಮಾತಾಡುತ್ತದೆ, ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತದೆಯೇ, ಅಣ್ಣತಮ್ಮಂದಿರೊಡನೆ ಜಗಳವಾಡುತ್ತದೆಯೇ ಎಂಬುದು ತಿಳಿದಿರುವುದು ಅದೇ ತಾಂಡಾದ ಸಹಾಯಕಿಗೆ ಮತ್ತು ತಾಯಿಗೆ. ಹೀಗಿರುವಾಗ ಸಹಾಯಕಿಯನ್ನು ತಂಡದ ಹೊರಗಿಟ್ಟು ಬರೆದ ವರದಿ ಎರಡು ಬಗೆಯಲ್ಲಿ ತಪ್ಪಬಹುದು: ಭಾಷೆ ಗೊತ್ತಿಲ್ಲದ ಮಗುವಿಗೆ ಊನವೆಂಬ ಹಣೆಪಟ್ಟಿ ಹಚ್ಚಬಹುದು, ನಿಜವಾಗಿ ಕಿವುಡಾದ ಮಗುವನ್ನು ಭಾಷೆಯ ತೊಡಕೆಂದು ಬಿಟ್ಟುಬಿಡಬಹುದು. ಎರಡನೆಯದು ಹೆಚ್ಚು ಹಾನಿಕರ, ಏಕೆಂದರೆ ಮಾತು ಕಲಿಯುವ ಹದದ ವರ್ಷಗಳು ಮರಳಿ ಬರುವುದಿಲ್ಲ.

2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರತಂದ ದಿವ್ಯಾಂಗ ಮಕ್ಕಳ ಅಂಗನವಾಡಿ ಕೈಪಿಡಿ ಗುರುತಿಸುವಿಕೆ, ಕುಟುಂಬದ ಬೆಂಬಲ, ಮುಂದಿನ ಚಿಕಿತ್ಸೆಗೆ ಕಳಿಸುವಿಕೆ ಎಂಬ ದಾರಿಯನ್ನು ಹಾಕಿಕೊಟ್ಟಿದೆ. ಕಳಿಸಿದ ಮಗು ಏನಾಯಿತೆಂಬ ಸುದ್ದಿ ಮರಳಿ ಅಂಗನವಾಡಿಗೆ ಬರುವುದು ಹೇಗೆಂಬುದೇ ಇನ್ನುಳಿದ ಕಷ್ಟ. ಅಮೆರಿಕದ 1986ರ ಕಾಯ್ದೆ ಪ್ರತಿ ಕುಟುಂಬಕ್ಕೂ ಒಂದು ಲಿಖಿತ ಯೋಜನೆ ಇರಬೇಕೆಂದೂ ಅದಕ್ಕೆ ಹೆಸರು ಹೇಳಿ ಗೊತ್ತುಮಾಡಿದ ಒಬ್ಬ ಸಂಯೋಜಕರಿರಬೇಕೆಂದೂ ವಿಧಿಸಿತು. ಇಲ್ಲಿ ಹೊಸ ಕಾಗದ ಹುಟ್ಟಿಸುವ ಅಗತ್ಯವಿಲ್ಲ: ಮಗುವಿನ ಬೆಳವಣಿಗೆಯ ಹಂತಗಳಿರುವ ತಾಯಿ ಕಾರ್ಡ್ ತಾಯಿಯ ಕೈಯಲ್ಲಿಯೇ ಇರುತ್ತದೆ, ದುಡಿಮೆಗಾಗಿ ಹೈದರಾಬಾದಿಗೋ ಪುಣೆಗೋ ಹೋದಾಗ ಅವಳ ಜೊತೆಗೇ ಹೋಗುತ್ತದೆ. ಪ್ರತಿಯೊಬ್ಬ ತಜ್ಞರೂ ಅದಕ್ಕೆ ಹೊಲಿದ ಒಂದೇ ಹಾಳೆಯಲ್ಲಿ ಬರೆಯಬಹುದು. ಕೂಡುವ ದಿನವೂ ಇದೆ. ಆಶಾ, ಆರೋಗ್ಯ ಸಹಾಯಕಿ, ಅಂಗನವಾಡಿ ಕಾರ್ಯಕರ್ತೆ ಸೇರುವ ಮಾಸಿಕ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನಕ್ಕೆ ವಿಆರ್‌ಡಬ್ಲ್ಯು ಮತ್ತು ಬಿಐಇಆರ್‌ಟಿ ಬಂದರೆ ತಂಡದ ಬಹುಪಾಲು ಅಲ್ಲಿಯೇ ಆಗುತ್ತದೆ. ಸಂಯೋಜನೆಯ ಹೊಣೆಯನ್ನು ವಿಆರ್‌ಡಬ್ಲ್ಯುವಿಗೆ ಕೊಡುವುದು ಸೂಕ್ತ.

ಅಂಗನವಾಡಿ ಕಾರ್ಯಕರ್ತೆಗೇ ಏಕೆ ಅದನ್ನು ಕೊಡಬಾರದೆಂದರೆ, ಅವಳು ಇನ್ನೂ ಸಂಬಳದವಳಲ್ಲ, ಗೌರವಧನದವಳು. ಅವಳಿಗೆ ಗ್ರಾಚ್ಯುಟಿಯ ಹಕ್ಕುಂಟೆಂದು ಸುಪ್ರೀಂ ಕೋರ್ಟ್ ಹೇಳಿದ್ದೇ 2022ರಲ್ಲಿ. ಆಹಾರ ವಿತರಣೆ, ತೂಕ, ಸಮೀಕ್ಷೆ, ಮೊಬೈಲ್ ದಾಖಲೆಗಳ ಮೇಲೆ ಮತ್ತೊಂದು ಹೊರೆ ಹೊರಿಸಿ ಅದಕ್ಕೆ ಸಹಭಾಗಿತ್ವವೆಂದು ಹೆಸರಿಡುವುದು ನ್ಯಾಯವಲ್ಲ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಕಾರ್ಯಕರ್ತೆಯರು ವಿರೋಧಿಸಿದ್ದರ ಹಿಂದೆಯೂ ತಮ್ಮ ಕೆಲಸವನ್ನು ಶಿಕ್ಷಣವೆಂದು ಎಣಿಸುತ್ತಿಲ್ಲವೆಂಬ ನೋವಿತ್ತು.

ತಾಯಿ ಕಾರ್ಡಿಗೆ ಹೊಲಿದ ಆ ಹಾಳೆಯ ನಿಜವಾದ ಪರೀಕ್ಷೆ ಮಗು ಒಂದನೆಯ ತರಗತಿಗೆ ಹೋಗುವಾಗ. ಅಂಗನವಾಡಿಯಿಂದ ಶಾಲೆಗೆ ಏನೂ ದಾಟದಿದ್ದರೆ ಬಿಐಇಆರ್‌ಟಿ ಜೂನ್‌ನಲ್ಲಿ ಮೊದಲಿನಿಂದ ತಪಾಸಣೆಗೆ ತೊಡಗಬೇಕಾಗುತ್ತದೆ. ಅವರು ಫೆಬ್ರವರಿಯಲ್ಲೇ ಅಂಗನವಾಡಿಗೆ ಬಂದು ಮಗುವನ್ನು ನೋಡಿ, ಹಾಳೆಯ ಒಂದು ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೆ ಮುಟ್ಟಿಸಿದರೆ, ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಲು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಗೆ ಬೇಸಿಗೆ ರಜೆಯ ಸಮಯ ಸಿಗುತ್ತದೆ.