ನಿಮ್ಮದೇ ಚೆನ್ನಾಗಿದೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನೇನು ಕೆಲಸ ಮಾಡುತ್ತೇನೆಂದು ಬೆಳಿಗ್ಗೆಯಿಂದ ಹಲವರು ಕೇಳಿದಿರಿ. ನಾನು ಕಂಪ್ಯೂಟರ್ ಮಾಡುವವಳಲ್ಲ, ರಿಪೇರಿಯವಳೂ ಅಲ್ಲ. ಜನ ಮೊಬೈಲು, ಕಂಪ್ಯೂಟರನ್ನು ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ನೋಡುವುದು ನನ್ನ ಕೆಲಸ. ಮಾನವ-ಗಣಕ ಸಂವಹನ ಎಂಬ ಭಾರದ ಹೆಸರು ಅದಕ್ಕಿದೆ. ಹೆಸರು ಹಾಗಿರಲಿ. ಈ ವಿಷಯದಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಒಂದು ಅಧ್ಯಯನದ ಕಥೆ ಹೇಳುತ್ತೇನೆ.

ಅದು 2012ರಲ್ಲಿ ಪ್ರಕಟವಾಯಿತು. ನಿಕೋಲಾ ಡೆಲ್ ಮತ್ತು ಸಂಗಡಿಗರು ನಡೆಸಿದ 450 ಸಂದರ್ಶನಗಳು. ಉತ್ತರಿಸಿದವರಲ್ಲಿ ಆಟೋ ಚಾಲಕರಿದ್ದರು, ಕಾಲೇಜು ವಿದ್ಯಾರ್ಥಿಗಳಿದ್ದರು. ಮೊಬೈಲಿನಲ್ಲಿ ವಿಡಿಯೋ ನೋಡುವ ಎರಡು ಏರ್ಪಾಡು ತೋರಿಸಿ, ಯಾವುದು ವಾಸಿ ಎಂದು ಕೇಳುವುದು. ಒಂದನ್ನು ಪ್ರಶ್ನೆ ಕೇಳುವವರೇ ತಯಾರಿಸಿದ್ದು ಎಂದು ತಿಳಿಯುವಂತೆ ಮಾತಾಡುವುದು. ನಿಜವಾಗಿ ಎರಡೂ ಒಂದೇ! ಆದರೂ ಕೇಳುವವರದೆಂದು ನಂಬಿದ್ದನ್ನು ಮೆಚ್ಚುವ ಸಂಭವ ಸುಮಾರು 2.5 ಪಟ್ಟು ಹೆಚ್ಚಿತ್ತು. ಕೇಳುವವರು ದುಭಾಷಿಯನ್ನು ಜೊತೆಗೆ ಕರೆತಂದ ವಿದೇಶಿಯಾದರೆ 5 ಪಟ್ಟು. ಕೊನೆಗೆ ಅವರದನ್ನು ಎದ್ದು ಕಾಣುವಷ್ಟು ಕಳಪೆ ಮಾಡಿ ತೋರಿಸಿದರು. ಆಗಲೂ ಜನ, ನಿಮ್ಮದೇ ಚೆನ್ನಾಗಿದೆ ಎಂದರು.

ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಇದಕ್ಕೆ ನಮ್ಮಲ್ಲಿ ದಾಕ್ಷಿಣ್ಯ ಎಂಬ ಒಳ್ಳೆಯ ಮಾತಿದೆ. ನೆಂಟರು ತಂದ ತಿಂಡಿಗೆ ಉಪ್ಪು ಜಾಸ್ತಿ ಎಂದು ಅವರೆದುರು ಯಾರು ಹೇಳುತ್ತಾರೆ? "ಅರ್ಥವಾಯಿತೇ?" ಎಂದು ಮೇಷ್ಟ್ರು ಕೇಳಿದರೆ ಇಡೀ ತರಗತಿ "ಹೂಂ ಸಾರ್" ಎನ್ನುವುದೂ ಇದೇ. (ಮುಂದೆ ಕುಳಿತ ಮಕ್ಕಳು ನಗುತ್ತಿದ್ದೀರಿ, ಮೇಷ್ಟ್ರುಗಳೂ ನಗುತ್ತಿದ್ದಾರೆ.)

ಆದರೆ ಈಗ ಪಿಂಚಣಿ, ಪಡಿತರ, ಬೆಳೆ ಸಮೀಕ್ಷೆ ಎಲ್ಲವೂ ಮೊಬೈಲಿಗೆ ಬಂದಿರುವ ಕಾಲ. ಆಪ್ ಮಾಡಿದವರೇ ಊರಿಗೆ ಬಂದು, ಹೇಗಿದೆ ಎಂದು ಕೇಳಿದರೆ ಏನು ಉತ್ತರ ಬರುತ್ತದೆ? "ಚೆನ್ನಾಗಿದೆ ಸಾರ್." ವರದಿಯಲ್ಲೂ ಅದೇ ಸೇರುತ್ತದೆ, ಆಪ್ ಹಾಗೇ ಉಳಿಯುತ್ತದೆ. ಅವರ ಕಾರು ಹೋದ ಮೇಲೆ, ಅದೇ ಮನುಷ್ಯ ದಿನದ ಕೂಲಿ ಬಿಟ್ಟು ಪೇಟೆಯ ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ಅರ್ಜಿ ತುಂಬಿಸುತ್ತಾನೆ. ಬೈಯುವುದು ಆಪನ್ನಲ್ಲ, "ನನ್ನ ತಲೆಗೆ ಹತ್ತಲ್ಲ" ಎಂದು ತನ್ನನ್ನೇ. ನನಗೆ ಸಂಕಟವಾಗುವುದು ಇಲ್ಲಿ.

ಆದ್ದರಿಂದ ನಾವು ಹೇಗಿದೆ ಎಂದು ಕೇಳುವುದನ್ನು ಕಡಿಮೆ ಮಾಡಿದ್ದೇವೆ. "ಇದನ್ನು ಮಾಡಿದ್ದು ನಾನಲ್ಲ, ಬೈದರೂ ಬೇಜಾರಿಲ್ಲ" ಎಂದು ಮೊದಲೇ ಹೇಳುತ್ತೇವೆ. ಆಮೇಲೆ, ಈ ತಿಂಗಳ ಕರೆಂಟ್ ಬಿಲ್ ಎಷ್ಟು ಬಂದಿದೆ ನೋಡಿ ಎಂದು ಫೋನು ಕೊಟ್ಟು ಸುಮ್ಮನೆ ಕೂರುತ್ತೇವೆ. ಸುಮ್ಮನಿರುವುದೇ ಕಷ್ಟ, ಇಲ್ಲಿ ಒತ್ತಿ ಎನ್ನಲು ನಾಲಿಗೆ ತುರಿಸುತ್ತದೆ. ಒಮ್ಮೆ ಒಬ್ಬ ಅಜ್ಜಿ ಪರದೆಯನ್ನೇ ದಿಟ್ಟಿಸಿ, ಬೆರಳನ್ನು ಗುಂಡಿಯವರೆಗೂ ತಂದು, ಮುಟ್ಟದೆ ಹಿಂದೆಳೆದುಕೊಂಡರು. ಹೀಗೆ ಮೂರು ಸಲ. ಆಮೇಲೆ ಫೋನನ್ನು ಮೊಮ್ಮಗನ ಕೈಗಿಟ್ಟು, "ಚೆನ್ನಾಗೈತೆ ಕಣವ್ವ" ಎಂದರು. ನಾನು ಬರೆದುಕೊಂಡದ್ದು ಆ ಬೆರಳನ್ನು.

ಮಕ್ಕಳೇ, ಇದನ್ನು ನೀವೂ ಮಾಡಿ ನೋಡಬಹುದು. ಒಂದೇ ಚಿತ್ರದ ಎರಡು ಪ್ರತಿ ತೆಗೆಸಿ. ಒಂದನ್ನು ನಾನೇ ಬಿಡಿಸಿದ್ದು ಎಂದು ಹೇಳಿ 20 ಜನರನ್ನು ಕೇಳಿ. ಇನ್ನು 20 ಜನರಿಗೆ ಏನೂ ಹೇಳದೆ ಕೇಳಿ. ಆದ ಮೇಲೆ ಎಲ್ಲರಿಗೂ ನಿಜ ಹೇಳಿಬಿಡಬೇಕು, ಅದು ಕಡ್ಡಾಯ. ಲೆಕ್ಕಕ್ಕೆ ಗಣಿತದ ಮೇಷ್ಟ್ರು ನೆರವಾಗುತ್ತಾರೆ. ಎಷ್ಟು ಬಂತೆಂದು ನನಗೆ ಬರೆದು ಕಳಿಸಿ, ಕಾಯುತ್ತಿರುತ್ತೇನೆ.