ಗೂಢಚಾರ ದಂಪತಿಗಳೂ ನಲವತ್ತಾರು ದಾದಿಯರೂ
(ಸೀವುಡ್ಸಿನ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾವು ಇಂದು ಆರಿಸಿಕೊಂಡ ವಿಷಯ ಒಂದು ಹಿಂದಿ ಚಿತ್ರ. ಚಿತ್ರಮಂದಿರದ ಮಾತನ್ನು ವಾಚನಾಲಯಕ್ಕೇಕೆ ತಂದಿರಿ ಎಂದು ಹಿರಿಯರು ಕೇಳಬಹುದು. ಆ ಚಿತ್ರದ ಹಿಂದೆ ನಿಜವಾಗಿ ನಡೆದ ಸಂಗತಿಯೊಂದಿದೆ. ಅದು ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಸಂಗತಿ. ಆದ್ದರಿಂದಲೇ ಈ ನಾಲ್ಕು ಮಾತು.

ಗೂಢಚಾರರ ಕಥೆ ಕನ್ನಡಿಗರಿಗೆ ಹೊಸದಲ್ಲ. 1968ರಲ್ಲಿ ದೊರೆ-ಭಗವಾನ್ ಜೋಡಿ ‘ಜೇಡರ ಬಲೆ’ ಚಿತ್ರ ತೆಗೆದು ರಾಜಕುಮಾರರನ್ನು ಸಿ.ಐ.ಡಿ. 999 ಆಗಿ ನಮ್ಮ ಮುಂದೆ ನಿಲ್ಲಿಸಿತು. ಹೊರನಾಡುಗಳ ಬೇಹುಗಾರಿಕೆಗೆಂದು ನಮ್ಮ ಸರಕಾರ ‘ರಾ’ ಸಂಸ್ಥೆಯನ್ನು ಕಟ್ಟಿದ್ದೂ ಅದೇ 1968ರಲ್ಲಿ ಎಂಬುದು ಸ್ವಾರಸ್ಯದ ಮಾತು. ಅಂದಿನ ಗೂಢಚಾರನಿಗೆ ಸಂಸಾರದ ಹಂಗಿರಲಿಲ್ಲ. 2017ರ ಡಿಸೆಂಬರ್ 22ರಂದು ತೆರೆಕಂಡ ‘ಟೈಗರ್ ಜಿಂದಾ ಹೈ’ ಚಿತ್ರದಲ್ಲಿ ಗೂಢಚಾರರು ಗಂಡಹೆಂಡಿರು. ಆತ ‘ರಾ’ದವನು, ಆಕೆ ಪಾಕಿಸ್ತಾನದ ಐ.ಎಸ್.ಐ.ಯವಳು. ಮಗನೊಡನೆ ಆಸ್ಟ್ರಿಯಾದಲ್ಲಿ ತಲೆಮರೆಸಿಕೊಂಡು ಬಾಳುತ್ತಿರುತ್ತಾರೆ. ಇರಾಕಿನಲ್ಲಿ ಭಯೋತ್ಪಾದಕರು ಒಂದು ಆಸ್ಪತ್ರೆಯನ್ನು ಹಿಡಿದು, 25 ಮಂದಿ ಭಾರತೀಯ ಮತ್ತು 15 ಮಂದಿ ಪಾಕಿಸ್ತಾನಿ ದಾದಿಯರನ್ನು ಒತ್ತೆಯಿಟ್ಟುಕೊಂಡಾಗ, ದಂಪತಿಗಳು ಬಂದೂಕು ಹಿಡಿದು ಹೊರಡುತ್ತಾರೆ. ಎರಡು ವೈರಿ ದೇಶಗಳ ಸೊಸೆ-ಅಳಿಯಂದಿರು ಒಂದಾಗಿ ಬಡವರ ಹೆಣ್ಣುಮಕ್ಕಳನ್ನು ಬಿಡಿಸಿ ತರುವ ಈ ಕಲ್ಪನೆ ಚೆನ್ನಾಗಿದೆ. ನಾವೂ ನೋಡಿ ಚಪ್ಪಾಳೆ ತಟ್ಟಿದವರೇ.

ಇನ್ನು ನಿಜದ ಕಥೆ. 2014ರ ಜೂನ್ ತಿಂಗಳಲ್ಲಿ ಐಸಿಸ್ ಪಡೆ ತಿಕ್ರಿತ್ ನಗರವನ್ನು ಹಿಡಿದಾಗ ಅಲ್ಲಿನ ಆಸ್ಪತ್ರೆಯಲ್ಲಿ 46 ಮಂದಿ ಭಾರತೀಯ ದಾದಿಯರಿದ್ದರು, ಬಹುಮಂದಿ ಕೇರಳದವರು. ಸಾಲ ಮಾಡಿ ಹೋದವರು ಅವರಲ್ಲಿ ಅನೇಕರು. ಕೆಲವರಿಗೆ ಸಂಬಳವೂ ಬಾಕಿಯಿತ್ತು. ಬರಿಗೈಯಲ್ಲಿ ಮರಳಿದರೆ ಸಾಲ ತೀರಿಸುವುದು ಹೇಗೆಂಬ ಚಿಂತೆ ಗುಂಡಿನ ಸದ್ದಿನ ನಡುವೆಯೂ ಅವರನ್ನು ಬಿಡಲಿಲ್ಲ. ಜುಲೈ 3ರಂದು ಅವರನ್ನು ಬಸ್ಸು ಹತ್ತಿಸಿ ಮೋಸುಲ್ ನಗರಕ್ಕೆ ಒಯ್ದರು. ಮರುದಿನ ಬಿಡುಗಡೆಯಾಯಿತು. ಎರ್ಬಿಲ್‌ನಿಂದ ಹೊರಟ ವಿಶೇಷ ವಿಮಾನ ಮುಂಬಯಿಯಲ್ಲಿ ಇಳಿದು, ಜುಲೈ 5ರಂದು ಕೊಚ್ಚಿ ಮುಟ್ಟಿತು.

ಅಲ್ಲಿ ಯಾವ ಹುಲಿಯೂ ಗೋಡೆ ಹಾರಲಿಲ್ಲ. ದಾದಿಯರ ಕೈಯಲ್ಲಿ ಮೊಬೈಲ್ ಇತ್ತು. ಬಾಗ್ದಾದಿನ ನಮ್ಮ ದೂತಾವಾಸ ಅವರೊಡನೆ ಮಾತಾಡುತ್ತಿತ್ತು. ದಿಲ್ಲಿಯಲ್ಲಿ ಸುಷ್ಮಾ ಸ್ವರಾಜ್, ಕೇರಳದಲ್ಲಿ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಬೆನ್ನುಹಿಡಿದರು. ಯಾರು ಎಷ್ಟು ಮಂದಿ, ಎಲ್ಲಿದ್ದಾರೆ ಎಂಬ ಲೆಕ್ಕ ಸರಕಾರದ ಮೇಜಿನ ಮೇಲಿತ್ತು. ತೆರೆಯ ಮೇಲೆ ಇದು ರಂಜಿಸಲಾರದು. ಆದರೆ ಜೀವ ಉಳಿಸಿದ ಕೆಲಸ ಇದು.

ಬಂಧುಗಳೇ, ಅದೇ ಜೂನ್ ತಿಂಗಳಲ್ಲಿ ಅದೇ ಮೋಸುಲ್ ಕಡೆ 40 ಮಂದಿ ಭಾರತೀಯ ಕಟ್ಟಡ ಕೂಲಿಗಳೂ ಸಿಕ್ಕಿಬಿದ್ದರು. ಪಂಜಾಬಿನವರೇ ಹೆಚ್ಚು, ಹಿಮಾಚಲ, ಬಿಹಾರ, ಬಂಗಾಳದವರೂ ಇದ್ದರು. ಒಬ್ಬ ತಪ್ಪಿಸಿಕೊಂಡು ಬಂದು, ಉಳಿದವರನ್ನೆಲ್ಲ ಕೊಂದರೆಂದು ಹೇಳಿದ. ಪುರಾವೆಯಿಲ್ಲವೆಂದು ಸರಕಾರ ಒಪ್ಪಲಿಲ್ಲ. ಮನೆಯವರು ಸುಮಾರು ನಾಲ್ಕು ವರ್ಷ ದಾರಿ ಕಾದರು. ಬಾದೂಶ್ ಬಳಿಯ ಗುಂಡಿಯಿಂದ ಎತ್ತಿದ ಅಸ್ಥಿಗಳ ಡಿ.ಎನ್.ಎ. ಪರೀಕ್ಷೆಯಾದ ಮೇಲೆ, 2018ರ ಮಾರ್ಚ್ 20ರಂದು ರಾಜ್ಯಸಭೆಯಲ್ಲಿ 39 ಮಂದಿಯ ಮರಣವನ್ನು ಸಾರಲಾಯಿತು. ಏಪ್ರಿಲ್ 2ರಂದು 38 ಮಂದಿಯ ಅವಶೇಷಗಳು ಅಮೃತಸರಕ್ಕೆ ಬಂದವು. ಅವರು ಅಕ್ರಮ ಏಜೆಂಟರ ಮೂಲಕ ಹೋದವರಾದ್ದರಿಂದ ದೂತಾವಾಸದಲ್ಲಿ ಅವರ ದಾಖಲೆಯೇ ಇರಲಿಲ್ಲವೆಂದು ಅಂದಿನ ರಾಜ್ಯಸಚಿವ ವಿ.ಕೆ. ಸಿಂಗ್ ಹೇಳಿದರು.

ದಾಖಲೆ ಇದ್ದಿದ್ದರೆ ಅವರು ಬದುಕುತ್ತಿದ್ದರೆಂದು ನಾವು ಹೇಳುವುದಿಲ್ಲ. ಕೊಲೆಗಡುಕರು ಕಾಗದ ನೋಡಿ ಕರುಣೆ ತೋರುವವರಲ್ಲ. ಆದರೆ ಲೆಕ್ಕದಲ್ಲೇ ಇಲ್ಲದವನನ್ನು ಹುಡುಕುವವರು ಯಾರು? ಎಲ್ಲಿಂದ ಹುಡುಕುವರು?

ಇದು ಪರರ ಕಥೆಯೆಂದು ಕೈತೊಳೆದುಕೊಳ್ಳುವಂತಿಲ್ಲ. 2015ರ ಜುಲೈಯಲ್ಲಿ ಲಿಬಿಯಾದ ಸಿರ್ತ್ ವಿಶ್ವವಿದ್ಯಾಲಯದ ನಾಲ್ವರು ಭಾರತೀಯ ಅಧ್ಯಾಪಕರನ್ನು ಅಪಹರಿಸಿದಾಗ ಅವರಲ್ಲಿ ಇಬ್ಬರು ಕರ್ನಾಟಕದವರು. ಆ ಇಬ್ಬರು ಎರಡೇ ದಿನದಲ್ಲಿ ಬಿಡುಗಡೆಯಾದರು. ತೆಲುಗು ನಾಡಿನ ಇನ್ನಿಬ್ಬರು ಹೊರಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಕಲಿತವರಿಗೇ ಈ ಗತಿಯಾದರೆ, ಗಾರೆ ಕೆಲಸಕ್ಕೋ ಅಡಿಗೆ ಕೆಲಸಕ್ಕೋ ಕೊಲ್ಲಿ ದೇಶಕ್ಕೆ ಹೊರಟ ನಮ್ಮ ತಮ್ಮಂದಿರ ಪಾಡೇನು?

ನಮ್ಮ ಸುತ್ತಲೂ, ನೆರೂಳು, ವಾಶಿ, ಬೇಲಾಪುರಗಳಲ್ಲಿ, ವಿದೇಶದ ಕೆಲಸದ ಆಸೆಯಿಲ್ಲದ ಯುವಕರು ಕಡಿಮೆ. ಹೋಗಬೇಡಿ ಎನ್ನಲು ನಾವು ಯಾರು? ಒಮ್ಮೆ ಊರು ಬಿಟ್ಟೇ ನಾವೂ ಇಲ್ಲಿಗೆ ಬಂದದ್ದು. ಆದರೆ ಹೊರಡುವ ಮುನ್ನ ಏಜೆಂಟನ ನೋಂದಣಿ ಸಂಖ್ಯೆಯನ್ನು ಸರಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ನೋಡಿಕೊಳ್ಳಿ. ಪ್ರವಾಸಿ ವೀಸಾದ ಮೇಲೆ ಕೂಲಿಗೆ ಹೋಗಬೇಡಿ. ಕೊಟ್ಟ ಹಣಕ್ಕೆ ರಸೀದಿ ಕೇಳಿ. ಅಲ್ಲಿ ಇಳಿದೊಡನೆ ದೂತಾವಾಸದಲ್ಲಿ ಹೆಸರು ಬರೆಯಿಸಿ. ತೊಂದರೆಯಾದರೆ ದೂರಲು 2015ರಲ್ಲಿ ಆರಂಭವಾದ ‘ಮದದ್’ ತಾಣವಿದೆ.

ಕೊನೆಗೊಂದು ಸೂಚನೆ. ಪುಸ್ತಕ ಕೊಡುವ ವಹಿಯ ಪಕ್ಕದಲ್ಲಿ ನಮ್ಮ ವಾಚನಾಲಯ ಇನ್ನೊಂದು ವಹಿ ಇಡಲಿ. ವಿದೇಶಕ್ಕೆ ಹೋಗುವವರು ಪಾಸ್‌ಪೋರ್ಟು, ವೀಸಾ, ಕರಾರುಪತ್ರಗಳ ಒಂದೊಂದು ಪ್ರತಿಯನ್ನೂ ಮನೆಯವರ ವಿಳಾಸವನ್ನೂ ಮೊಹರು ಮಾಡಿದ ಲಕೋಟೆಯಲ್ಲಿ ಇಲ್ಲಿ ಬಿಟ್ಟುಹೋಗಲಿ. ವಹಿಯಲ್ಲಿ ಹೆಸರು, ತಾರೀಖು ಮಾತ್ರ ಇದ್ದರೆ ಸಾಕು. ತಿಂಗಳಿಗೊಮ್ಮೆ ಅವರ ಮನೆಗೆ ಫೋನು ಮಾಡುವ ಹೊಣೆಯನ್ನು ಸ್ವಯಂಸೇವಕರಾದ ನಾವು ಹೊರುತ್ತೇವೆ.

ಗೂಢಚಾರ ದಂಪತಿಗಳು ಚಿತ್ರದಲ್ಲಿ ಬರಲಿ, ನಮ್ಮ ಮಕ್ಕಳು ನೋಡಿ ನಲಿಯಲಿ. ದೂರದೇಶದಲ್ಲಿ ಕನ್ನಡಿಗನೊಬ್ಬ ಕಾಣೆಯಾದ ದಿನ, ಅವನು ಇಂಥವನು, ಇಂಥಲ್ಲಿಗೆ ಹೋದ ಎಂದು ಹೇಳಬಲ್ಲ ಒಂದು ಹಾಳೆಯಾದರೂ ಸೀವುಡ್ಸಿನಲ್ಲಿ ಇರಲಿ.