ಕೋಲ್‌ಹೀಸೆಲನ ಹೆಣ್ಣುಮಕ್ಕಳು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದು ನಮ್ಮ ಹಳೆಯ ಗಾದೆ. 1920ರಲ್ಲಿ ಜರ್ಮನಿಯಲ್ಲಿ ತೆರೆಕಂಡ ‘ಕೋಲ್‌ಹೀಸೆಲನ ಹೆಣ್ಣುಮಕ್ಕಳು’ ಎಂಬ ಮೂಕಚಿತ್ರವನ್ನು ನೋಡಿದರೆ ಈ ಗಾದೆಗೇ ಕಥೆ ಕಟ್ಟಿದ್ದಾರೋ ಎನ್ನಿಸುತ್ತದೆ. ಸುಮಾರು ಒಂದು ಗಂಟೆಯ ಈ ಚಿತ್ರದ ನಿರ್ದೇಶಕ ಎರ್ನ್ಸ್ಟ್ ಲೂಬಿಚ್. ಬರ್ಲಿನ್ನಿನ ದರ್ಜಿಯೊಬ್ಬರ ಮಗ. ಆಗ ಅವರಿಗಿನ್ನೂ ಇಪ್ಪತ್ತೆಂಟು ವರ್ಷ.

ಕಥೆ ನಡೆಯುವುದು ಬವೇರಿಯದ ಬೆಟ್ಟಸೀಮೆಯ ಹಳ್ಳಿಯಲ್ಲಿ. ಹೋಟೆಲಿನ ಯಜಮಾನ ಕೋಲ್‌ಹೀಸೆಲನಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯಳು ಗ್ರೇಟೆಲ್ ಚೆಲುವೆ, ನಯವಂತೆ. ಹಿರಿಯಳು ಲೀಸೆಲ್ ಒರಟು, ಬಾಯಿ ಜೋರು. ಮನೆಯ ದುಡಿಮೆಯ ಭಾರವೆಲ್ಲ ಅವಳ ಮೇಲೆ. ಕ್ಸಾವರ್ ಎಂಬ ಕಟ್ಟುಮಸ್ತಾದ ಆಳು ಗ್ರೇಟೆಲಳನ್ನು ಕೇಳುತ್ತಾನೆ. ಹಿರಿಯಳ ಮದುವೆಯಾಗದೆ ಕಿರಿಯಳನ್ನು ಕೊಡುವುದಿಲ್ಲವೆಂದು ತಂದೆಯ ಹಟ. ಆಗ ಗೆಳೆಯ ಸೆಪ್ಪಲ್ ಒಂದು ಉಪಾಯ ಹೇಳಿಕೊಡುತ್ತಾನೆ: ಮೊದಲು ಲೀಸೆಲಳನ್ನು ಕಟ್ಟಿಕೋ, ಕಾಟ ಕೊಟ್ಟು ವಿಚ್ಛೇದನ ಪಡೆ, ಆಮೇಲೆ ಗ್ರೇಟೆಲ್ ನಿನ್ನವಳೇ. ಸೆಪ್ಪಲನ ಕಣ್ಣೂ ಗ್ರೇಟೆಲಳ ಮೇಲೆಯೇ ಇದೆಯೆಂಬುದು ಕ್ಸಾವರನಿಗೆ ಹೊಳೆಯುವುದಿಲ್ಲ.

ಬಿಡುವುದಕ್ಕಾಗಿಯೇ ಕಟ್ಟಿಕೊಂಡ ಮದುವೆ ಇದು. ಗಂಡ ಮನೆಯ ಸಾಮಾನುಗಳನ್ನು ಒಡೆದು ಆರ್ಭಟಿಸುತ್ತಾನೆ. ಎಣಿಸಿದ್ದೇ ಒಂದು, ಆದದ್ದೇ ಇನ್ನೊಂದು. ಲೀಸೆಲ್ ಮೆತ್ತಗಾಗುತ್ತಾಳೆ, ಗಂಡನ ಮೇಲೆ ಅವಳಿಗೆ ಪ್ರೀತಿ ಹುಟ್ಟುತ್ತದೆ. ಕೊನೆಗೆ ಅವನೂ ಅವಳಿಗೆ ಸೋಲುತ್ತಾನೆ. ಗ್ರೇಟೆಲ್ ಸೆಪ್ಪಲನ ಪಾಲಾಗುತ್ತಾಳೆ.

ಇದರ ಬೇರು ಶೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದಿ ಶ್ರೂ’ ನಾಟಕದಲ್ಲಿದೆ. ಅದೇ ನಾಟಕ ಪರ್ವತವಾಣಿಯವರ ಕೈಯಲ್ಲಿ ‘ಬಹದ್ದೂರ್ ಗಂಡ’ನಾಗಿ ಕನ್ನಡಕ್ಕೆ ಬಂತು, 1989ರಲ್ಲಿ ‘ನಂಜುಂಡಿ ಕಲ್ಯಾಣ’ ಚಿತ್ರವಾಗಿ ಮನೆಮಾತಾಯಿತು. ಆದ್ದರಿಂದ ಲೀಸೆಲ್ ನಮಗೆ ಅಷ್ಟೇನೂ ಅಪರಿಚಿತಳಲ್ಲ.

ಚಿತ್ರದ ಜೀವವೆಂದರೆ ಹೆನ್ನಿ ಪೋರ್ಟೆನ್. ಅಕ್ಕತಂಗಿಯರ ಎರಡು ಪಾತ್ರಗಳೂ ಆಕೆಯವೇ. ಮೂಕಚಿತ್ರವಾದ್ದರಿಂದ ಮಾತಿನ ನೆರವಿಲ್ಲ. ನಡಿಗೆ, ಭುಜದ ನಿಲುವು, ನೋಟ ಇಷ್ಟರಿಂದಲೇ ಇಬ್ಬರು ಬೇರೆಯಾಗಬೇಕು. ಒಬ್ಬಳೇ ನಟಿ ಎಂಬುದು ನಮಗೆ ಮರೆತೇಹೋಗುತ್ತದೆ. 1930ರ ವಾಕ್ಚಿತ್ರದಲ್ಲೂ ಆಕೆಯೇ ಎರಡೂ ಪಾತ್ರಗಳನ್ನು ವಹಿಸಿದರು. ಜರ್ಮನಿಯವರು 1943 ಮತ್ತು 1962ರಲ್ಲಿ ಈ ಕಥೆಯನ್ನು ಮತ್ತೆ ತೆರೆಗೆ ತಂದರು.

ಒಂದು ಆಕ್ಷೇಪಣೆಯನ್ನು ಮುಚ್ಚಿಡಬೇಕಾಗಿಲ್ಲ. ಹೆಂಡತಿಯನ್ನು ಹೆದರಿಸಿ ಪಳಗಿಸುವುದು ನಗುವ ವಿಷಯವೇ? ಕುರ್ಚಿ ಮುರಿದಾಗ ನಗು ಬರುತ್ತದೆ, ನಿಜ. ಆದರೆ ಬದಲಾಗುವ ಕಷ್ಟವೆಲ್ಲ ಲೀಸೆಲಳ ಪಾಲಿಗೇ ಬಂದಿದೆ. ಮನೆಯ ಕೆಲಸವನ್ನೆಲ್ಲ ಹೊತ್ತವಳು ಗಡುಸಾದದ್ದೇಕೆಂದು ಹಳ್ಳಿಯಲ್ಲಿ ಯಾರೂ ಕೇಳುವುದಿಲ್ಲ. ಪೋರ್ಟೆನರ ಅಭಿನಯವನ್ನು ಗಮನಿಸಿ ನೋಡಿದವರಿಗೆ ಮಾತ್ರ ಆ ಪ್ರಶ್ನೆ ಏಳದೆ ಇರದು.

ಚಿತ್ರದಲ್ಲಿ ಕೂಡಿ ನಗಿಸಿದವರನ್ನು ಮುಂದೆ ಕಾಲ ಬೇರೆಬೇರೆ ದಾರಿಗೆ ಎಸೆಯಿತು. ಲೂಬಿಚ್ 1922ರಲ್ಲಿ ಅಮೆರಿಕೆಗೆ ಹೋಗಿ, 1924ರ ‘ದಿ ಮ್ಯಾರೇಜ್ ಸರ್ಕಲ್’ ಮೊದಲಾದ ಚಿತ್ರಗಳಿಂದ ದಾಂಪತ್ಯದ ಹಾಸ್ಯಕ್ಕೆ ಹೊಸ ನಯ ತಂದರು. ಯೆಹೂದ್ಯರಾದ ಅವರ ಪೌರತ್ವವನ್ನು ನಾಜಿ ಸರ್ಕಾರ 1935ರಲ್ಲಿ ಕಿತ್ತುಕೊಂಡಿತು. ಸೆಪ್ಪಲನಾಗಿದ್ದ ಗುಸ್ಟಾವ್ ಫಾನ್ ವಾಂಗೆನ್‌ಹೈಮ್ ಕಮ್ಯೂನಿಸ್ಟರು. 1933ರಲ್ಲಿ ಸೋವಿಯತ್ ದೇಶಕ್ಕೆ ಹೋದರು. ಕ್ಸಾವರನ ಪಾತ್ರದ ಎಮಿಲ್ ಯಾನಿಂಗ್ಸ್ ಅತ್ಯುತ್ತಮ ನಟನಿಗೆ ಸಲ್ಲುವ ಮೊತ್ತಮೊದಲ ಅಕಾಡೆಮಿ ಪ್ರಶಸ್ತಿಯನ್ನು 1929ರಲ್ಲಿ ಪಡೆದವರು. ಮುಂದೆ ಅದೇ ನಾಜಿ ಸರ್ಕಾರದ ಪ್ರಚಾರಚಿತ್ರಗಳಲ್ಲಿ ನಟಿಸಿದರು.

ಪೋರ್ಟೆನ್ 1921ರಲ್ಲಿ ವೈದ್ಯ ವಿಲ್ಹೆಲ್ಮ್ ಫಾನ್ ಕೌಫ್‌ಮನ್ ಅವರನ್ನು ಮದುವೆಯಾಗಿದ್ದರು. ಅವರದು ಯೆಹೂದಿ ಮೂಲ. ನಾಜಿಗಳ ಆಡಳಿತದಲ್ಲಿ ಅಂಥ ಗಂಡನನ್ನು ಬಿಟ್ಟರೆ ನಟಿಗೆ ಕೀರ್ತಿ ಉಳಿಯುತ್ತಿತ್ತು. ಪೋರ್ಟೆನ್ ಬಿಡಲಿಲ್ಲ. ಪಾತ್ರಗಳು ಕಡಿಮೆಯಾದವು, ದೇಶ ಬಿಟ್ಟುಹೋಗಲು ಅನುಮತಿಯೂ ಸಿಗಲಿಲ್ಲ. ಆದರೂ 1945ರಲ್ಲಿ ಯುದ್ಧ ಮುಗಿದಾಗ ದಂಪತಿಗಳು ಜೊತೆಯಾಗಿಯೇ ಇದ್ದರು. ಆಕೆ 1960ರಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡರು.

ತೆರೆಯ ಮೇಲೆ ವಿಚ್ಛೇದನ ಒಂದು ಹೂಟ, ಒಂದು ನಗೆ. ಮನೆಯೊಳಗಿನ ಜಗಳ ಉಂಡು ಮಲಗುವ ತನಕ ಮುಗಿದೀತು. ಮನೆ ಮುರಿಯಲು ಸರ್ಕಾರವೇ ಬಾಗಿಲಿಗೆ ಬಂದು ನಿಂತರೆ ಅದು ಒಂದು ರಾತ್ರಿಗೆ ಮುಗಿಯುವುದಲ್ಲ. ಪೋರ್ಟೆನ್ ಅದನ್ನು ಹನ್ನೆರಡು ವರ್ಷ ಎದುರಿಸಿದರು.